ಚೈನ್ ಸಾ ಆರಿಸುವಾಗ ಸಿಸಿಗಿಂತ ಮೊದಲು ಪೆಟ್ರೋಲ್ ನೋಡಿ

ಕಾಫಿ ತೋಟದ ಸಿಲ್ವರ್ ಓಕ್ ಕಟಾವಿಗೋ, ಒಣಗಿ ನಿಂತ ಹಲಸು ಬೀಳಿಸಲಿಕ್ಕೋ ಮರ ಕೊಯ್ಯುವ ಮಷಿನ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಸ್ಟಿಲ್ ಒಳ್ಳೇದೋ, ಹಸ್ಕ್‌ವರ್ನಾ ಒಳ್ಳೇದೋ?’ ಇಂಜಿನ್ ಮಟ್ಟಿಗೆ ಈ ಪ್ರಶ್ನೆಗೆ ಈಗ ಅರ್ಥವಿಲ್ಲ. 50 ಸಿಸಿ ವರ್ಗದಲ್ಲಿ ಸ್ಟಿಲ್ ಎಂಎಸ್ 261 ಸಿ-ಎಂ 50.2 ಸಿಸಿ, ಹಸ್ಕ್‌ವರ್ನಾ 550 ಎಕ್ಸ್‌ಪಿ ಮಾರ್ಕ್ 2 ಮಾದರಿ 50.1 ಸಿಸಿ. ಎರಡರ ಶಕ್ತಿಯೂ 3.0 ಕಿಲೋವ್ಯಾಟ್. 60ರ ವರ್ಗಕ್ಕೆ ಹೋದರೆ ಎಂಎಸ್ 362 ಸಿ-ಎಂ 59 ಸಿಸಿ, 562 ಎಕ್ಸ್‌ಪಿ 59.8 ಸಿಸಿ. ಅಲ್ಲೂ ಎರಡಕ್ಕೂ 3.5 ಕಿಲೋವ್ಯಾಟ್. ಮರಕ್ಕೆ ಹಚ್ಚಿದಾಗ ಕಾಣುವ ವ್ಯತ್ಯಾಸ ಇಂಜಿನ್ನಿನದಲ್ಲ, ಹೆಚ್ಚಾಗಿ ಚೈನಿನ ಹಲ್ಲಿನದು.

ತೂಕದಲ್ಲಿ ಮಾತ್ರ ಅಂತರ ಇದೆ. 261ಕ್ಕೆ 4.9 ಕೆ.ಜಿ., 550ಕ್ಕೆ 5.3. ಎಂಎಸ್ 362 ಐದೂವರೆ ಕೆ.ಜಿ. ಆಸುಪಾಸು, 562 ಆರರ ಹತ್ತಿರ. ಇವೆಲ್ಲ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಚೈನ್, ಪೆಟ್ರೋಲ್, ಆಯಿಲ್ ಯಾವುದೂ ಇಲ್ಲದ ಬರಿ ಮಷಿನ್ನಿನ ತೂಕ. 18 ಇಂಚಿನ ಬಾರ್ ಹಾಕಿ ಎರಡೂ ಟ್ಯಾಂಕ್ ತುಂಬಿಸಿದರೆ 261 ಕೂಡ ಆರೂವರೆ ಕೆ.ಜಿ. ದಾಟುತ್ತದೆ. ಬಿದ್ದ ಮರದ ಕೊಂಬೆ ಸವರುವಾಗ ಮಷಿನ್ ದಿನಕ್ಕೆ ನೂರಾರು ಸಲ ಏಳುತ್ತದೆ, ಇಳಿಯುತ್ತದೆ. ಆ ಕೆಲಸವೇ ಹೆಚ್ಚಿದ್ದರೆ 400 ಗ್ರಾಂ ಸಣ್ಣ ಮಾತಲ್ಲ. ದಿಮ್ಮಿ ತುಂಡರಿಸುವುದೇ ಮುಖ್ಯವಾದರೆ ಭಾರ ದಿಮ್ಮಿಯ ಮೇಲೆ ಕೂರುತ್ತದೆ, ಆಗ ತೂಕದ ಚಿಂತೆ ಬೇಡ.

ಸಿಸಿ ಬಗ್ಗೆ ಒಂದು ಅಡ್ಡಮಾತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ‘58 ಸಿಸಿ’ ಮಷಿನ್‌ಗಳ ವಿವರದಲ್ಲಿ ಸಿಲಿಂಡರ್ ಬೋರ್ (ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಕೊಟ್ಟಿದ್ದರೆ ಲೆಕ್ಕ ಹಾಕಿ ನೋಡಿ. ಎರಡನ್ನೂ ಸೆಂಟಿಮೀಟರಿನಲ್ಲಿ ಇಟ್ಟುಕೊಂಡು ಬೋರ್ × ಬೋರ್ × ಸ್ಟ್ರೋಕ್ × 0.785 ಎಂದು ಗುಣಿಸಿದರೆ ಸಿಸಿ ಬರುತ್ತದೆ. ಎಂಎಸ್ 261ರ ಬೋರ್ 44.7 ಮಿ.ಮೀ., ಸ್ಟ್ರೋಕ್ 32 ಮಿ.ಮೀ.; ಗುಣಿಸಿದರೆ ಸರಿಯಾಗಿ 50.2. ಡಬ್ಬದ ಮೇಲಿನ ಸಂಖ್ಯೆ ಮಾಡೆಲ್ ಹೆಸರೋ ನಿಜವಾದ ಅಳತೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈ ನಾಲ್ಕರ ಆಚೆಗೂ ಮಷಿನ್‌ಗಳಿವೆ. ಎಕೋ ಸಿಎಸ್-590 ಮಾದರಿ 59.8 ಸಿಸಿ, ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬುರೇಟರ್ (ಗಾಳಿಗೆ ಇಂಧನ ಬೆರೆಸುವ ಭಾಗ), ತೂಕ ಸ್ವಲ್ಪ ಹೆಚ್ಚು, ರಚನೆ ಸರಳ. ಮಕಿಟಾ ಕಂಪನಿಯ 61 ಸಿಸಿ ಇಎ6100 ಗಟ್ಟಿ ಮಷಿನ್ನೇ ಹೌದು. ಆದರೆ ಆ ಕಂಪನಿ 2022ರಲ್ಲಿ ಪೆಟ್ರೋಲ್ ಇಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಸ್ಟಾಕ್ ಉಳಿದಿದೆ ಎಂದು ಯಾರಾದರೂ ಅರ್ಧ ಬೆಲೆಗೆ ಕೊಟ್ಟರೆ, ಐದು ವರ್ಷ ಬಿಟ್ಟು ಸಿಲಿಂಡರ್ ಕಿಟ್ ಎಲ್ಲಿ ಸಿಗುತ್ತದೆಂದು ಕೇಳಿ ಆಮೇಲೆ ದುಡ್ಡು ಎಣಿಸಿ.

ಈಗ ಕಾರ್ಬುರೇಟರ್. ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ.

ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಬರಿ ಪೆಟ್ರೋಲ್ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇ20ಕ್ಕೆ ಲೆಕ್ಕ ಸುಮಾರು 13.5 ಆಗುತ್ತದೆ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಇಂಧನ ಬರುವ ಸಣ್ಣ ತೂತು) ಇದನ್ನು ಓಡಿಸಿದರೆ ಇಂಜಿನ್‌ಗೆ ಇಂಧನ ಏಳೆಂಟು ಪರ್ಸೆಂಟ್ ಕಮ್ಮಿ ಬಿದ್ದಂತೆ. ಟೂ-ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಬರುವುದೂ ಅದೇ ಇಂಧನದ ಜೊತೆಗೆ, ತಂಪು ಸಿಗುವುದೂ ಅದರಿಂದಲೇ. ಇಂಧನ ಕಮ್ಮಿಯಾದರೆ ಪಿಸ್ಟನ್ ಕಾದು, ಸೈಲೆನ್ಸರ್ ಕಡೆಯ ಮೈ ಉಜ್ಜಿ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿ ನಿಲ್ಲುತ್ತದೆ.

ಎಂಎಸ್ 261 ಮತ್ತು 362ರ ಹೆಸರಿನ ಕೊನೆಯ ‘ಎಂ’ ಎಂದರೆ ಎಂ-ಟ್ರಾನಿಕ್. ಹಸ್ಕ್‌ವರ್ನಾದಲ್ಲಿ ಇದಕ್ಕೆ ಸಾಟಿ ಆಟೋಟ್ಯೂನ್. ಎರಡರಲ್ಲೂ ಇಂಧನ ಹೊಂದಿಸುವ ಎಚ್ (ಹೆಚ್ಚು ವೇಗದ), ಎಲ್ (ಕಡಿಮೆ ವೇಗದ) ಸ್ಕ್ರೂಗಳಿಲ್ಲ. ಕಾರ್ಬುರೇಟರಿನೊಳಗೆ ಒಂದು ವಿದ್ಯುತ್ ವಾಲ್ವ್ ಇದೆ. ಇಗ್ನಿಷನ್ ಮಾಡ್ಯೂಲ್ ಇಂಜಿನ್ನಿನ ಸುತ್ತು ಎಣಿಸುತ್ತಾ, ಇಂಧನ ತುಸು ಕಮ್ಮಿ ಮಾಡಿದಾಗ ಸುತ್ತು ಏರಿತೋ ಇಳಿಯಿತೋ ಎಂದು ನೋಡಿ ಆ ವಾಲ್ವನ್ನು ನಡೆಸುತ್ತದೆ. ಬ್ಯಾಟರಿ ಇಲ್ಲ, ಫ್ಲೈವೀಲಿನ ಮ್ಯಾಗ್ನೆಟ್ಟೇ ಕರೆಂಟು ಕೊಡುತ್ತದೆ. ಕೆಲಸ ಒಂದೇ, ಕೈಪಿಡಿಯ ಮಾತು ಬೇರೆ: ಎಂ-ಟ್ರಾನಿಕ್ ಮಷಿನ್ ಶೇ 25ರಷ್ಟು ಎಥನಾಲ್ ಇದ್ದರೂ ಪೂರ್ತಿ ಶಕ್ತಿ ಕೊಡುತ್ತದೆ ಎನ್ನುತ್ತದೆ ಸ್ಟಿಲ್, ಹಸ್ಕ್‌ವರ್ನಾ ಶೇ 10ಕ್ಕೆ ಗೆರೆ ಎಳೆಯುತ್ತದೆ. ಬಂಕಿನ ಪೆಟ್ರೋಲನ್ನೇ ನಂಬಿ ಕೆಲಸ ಮಾಡುವವರು 261 ಕಡೆಗೆ ವಾಲಲು ಇಷ್ಟು ಕಾರಣ ಸಾಕು ಎಂಬುದು ನಮ್ಮ ಅಭಿಪ್ರಾಯ. ಎಥನಾಲ್ ಇಲ್ಲದ ಪೆಟ್ರೋಲ್ ತರಿಸಿಕೊಳ್ಳಬಲ್ಲವರಿಗೆ ಈ ವ್ಯತ್ಯಾಸ ಇಲ್ಲ.

ಮಲೆನಾಡಿಗೆ ಇನ್ನೊಂದು ಕಾರಣವೂ ಇದೆ. ಮಡಿಕೇರಿ ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಎತ್ತರ, ಅಲ್ಲಿನ ಗಾಳಿ ತೆಳು. ಅಲ್ಲಿ ಸ್ಕ್ರೂ ಹೊಂದಿಸಿದ ಮಷಿನ್ನನ್ನು ಘಟ್ಟ ಇಳಿಸಿ ಸುಳ್ಯದ ರಬ್ಬರ್ ತೋಟಕ್ಕೆ ಒಯ್ದರೆ, ಗಾಳಿ ಹತ್ತು ಪರ್ಸೆಂಟಿನಷ್ಟು ದಟ್ಟವಾಗಿ ಇಂಧನ ಕಮ್ಮಿ ಬೀಳುತ್ತದೆ. ಮೇಲೆ ಚೆನ್ನಾಗಿದ್ದ ಮಷಿನ್ ಕೆಳಗೆ ಎರಡನೇ ದಿನಕ್ಕೆ ಸೀಜ್ ಆದರೆ ಬೈಗುಳ ತಿನ್ನುವುದು ಆಯಿಲ್. ತಪ್ಪು ಇರುವುದು ಎಚ್ ಸ್ಕ್ರೂನಲ್ಲಿ.

ಹಾಗಾದರೆ ಸ್ಕ್ರೂ ಕಾರ್ಬುರೇಟರಿನ ಮಷಿನ್ ಬೇಡವೇ? ಹಾಗೇನಿಲ್ಲ. ಕಿವಿ ಇದ್ದವರ ಕೈಯಲ್ಲಿ ಅದು ಹೆಚ್ಚು ಕಾಲ ಬಾಳುತ್ತದೆ, ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಸರಿಮಾಡಬಲ್ಲ. ಮೊದಲು ಏರ್ ಫಿಲ್ಟರ್ ತೊಳೆದು, ಮಷಿನ್ನನ್ನು ಮೂರ್ನಾಲ್ಕು ನಿಮಿಷ ಬಿಸಿ ಮಾಡಿ. ಮರಕ್ಕೆ ತಾಗಿಸದೆ ಎರಡು ಮೂರು ಸೆಕೆಂಡ್ ಪೂರ್ತಿ ಥ್ರಾಟಲ್ ಕೊಡಿ. ಸದ್ದು ತುಸು ಬುರುಬುರು ಎಂದು ಒಡೆಯಬೇಕು, ಮರಕ್ಕೆ ಹಚ್ಚಿದೊಡನೆ ಚೊಕ್ಕವಾಗಬೇಕು. ಮರ ಮುಟ್ಟುವ ಮೊದಲೇ ಕಿರ್ರೆಂದು ಚೊಕ್ಕವಾಗಿ ಕೂಗಿದರೆ ಇಂಧನ ಕಮ್ಮಿ. ಎಚ್ ಸ್ಕ್ರೂವನ್ನು ಎಡಕ್ಕೆ ಎಂಟನೇ ಒಂದು ಸುತ್ತು ಬಿಚ್ಚಿ ಮತ್ತೆ ಕೇಳಿ. ಮರದೊಳಗೂ ಬುರುಬುರು ನಿಲ್ಲದಿದ್ದರೆ ಇಂಧನ ಹೆಚ್ಚಾಗಿದೆ.

ಸೀಜ್ ಭಯಕ್ಕೆ ಲೀಟರಿಗೆ 20 ಮಿ.ಲೀ. ಬದಲು 40 ಸುರಿಯುವ ರೂಢಿ ತುಂಬ ಕಡೆ ಇದೆ. ಕಂಪನಿಯ ಆಯಿಲ್‌ಗೆ 20 ಮಿ.ಲೀ. ಸಾಕು. ಹೆಚ್ಚು ಆಯಿಲ್ ಹಾಕಿದರೆ ಜೆಟ್ಟಿನಲ್ಲಿ ಅಷ್ಟು ಪೆಟ್ರೋಲಿನ ಜಾಗ ಆಯಿಲ್ ತಿನ್ನುತ್ತದೆ, ಇಂಧನ ಮತ್ತಷ್ಟು ಕಮ್ಮಿಯಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಬೆರೆಸಿದ ಪೆಟ್ರೋಲನ್ನು ತಿಂಗಳೊಳಗೆ ಮುಗಿಸಿ. ಮಳೆಗಾಲದಲ್ಲಿ ಎಥನಾಲ್ ಗಾಳಿಯ ತೇವ ಹೀರಿ, ನೀರಿನ ಜೊತೆ ಸೇರಿ ಕ್ಯಾನಿನ ತಳಕ್ಕೆ ಇಳಿಯುತ್ತದೆ. ಆ ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ, ಟ್ಯಾಂಕಿನ ಫಿಲ್ಟರ್ ಹೀರುವುದು ತಳದಿಂದಲೇ. ಕೆಲಸ ನಿಂತಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಮಷಿನ್ ಓಡಿಸಿ ಇಡಿ.

ಬಾರ್, ಚೈನಿನಲ್ಲಿ ಕಂಪನಿಗಳು ಒಂದಕ್ಕೊಂದು ಹೊಂದದಂತೆ ನೋಡಿಕೊಂಡಿವೆ. 261ರ ಬಾರ್ 362ಕ್ಕೂ ಕೂರುತ್ತದೆ. 550ರದು ಸಣ್ಣ ಮೌಂಟ್, 562ರದು ದೊಡ್ಡದು. ಎರಡೂ ಅಳತೆಯ ಮಷಿನ್ ಇಟ್ಟುಕೊಳ್ಳುವವರು ಎರಡು ಬಗೆಯ ಬಾರ್ ಇಡಬೇಕು. 0.325 ಇಂಚು ಪಿಚ್ಚಿನ (ಕೊಂಡಿಗಳ ಅಂತರದ), 18 ಇಂಚಿನ ಚೈನ್ ಎಂದರೆ ಸ್ಟಿಲ್‌ಗೆ 74 ಡ್ರೈವ್ ಲಿಂಕ್ (ಬಾರಿನ ತೋಡಿನಲ್ಲಿ ಕೂರುವ ಕೊಂಡಿ), ಹಸ್ಕ್‌ವರ್ನಾಗೆ 72. ಆ ಕೊಂಡಿಯ ದಪ್ಪ ಸ್ಟಿಲ್‌ನಲ್ಲಿ 1.6 ಮಿ.ಮೀ., ಹಸ್ಕ್‌ವರ್ನಾದಲ್ಲಿ 1.5 ಅಥವಾ 1.3. ತೆಳು ಚೈನನ್ನು ಅಗಲ ತೋಡಿನ ಬಾರಿಗೆ ಹಾಕಿದರೆ ಅದು ಅತ್ತಿತ್ತ ವಾಲಿ ಕೊಯ್ತ ಓರೆಯಾಗುತ್ತದೆ. ಇಂಚು ಹೇಳಿ ಚೈನ್ ಕೊಳ್ಳಬೇಡಿ. ಪಿಚ್, ದಪ್ಪ, ಲಿಂಕ್ ಎಣಿಕೆ ಮೂರನ್ನೂ ಬರೆದುಕೊಂಡು ಹೋಗಿ. ಅರವೂ ಹಾಗೆಯೇ: 0.325ಕ್ಕೆ 4.8 ಮಿ.ಮೀ., ಸ್ಟಿಲ್‌ನ 3/8ಕ್ಕೆ 5.2, ಹಸ್ಕ್‌ವರ್ನಾದ 3/8ಕ್ಕೆ 5.5. ಹಲ್ಲಿನ ಮುಂದಿನ ಗುಬುಟು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಲಿ. ಅದನ್ನು ಕಣ್ಣಂದಾಜಿನಲ್ಲಿ ಉಜ್ಜಿ ತಗ್ಗಿಸಿದ ಚೈನ್ ಒಣ ಮತ್ತಿಮರದಲ್ಲಿ ಕಚ್ಚಿ ಜಗ್ಗುತ್ತದೆ, ತುದಿ ತಾಗಿದರೆ ಮುಖದತ್ತ ಒದೆಯುತ್ತದೆ.

ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಗಾಲಿ) ಬದಲಿಸುವುದು 362ರಲ್ಲಿ ಸುಲಭ: ಕ್ಲಚ್ ಒಳಗಿದೆ, ಹೊರಗಿನ ಸಣ್ಣ ಕ್ಲಿಪ್ ತೆಗೆದರೆ ಆಯಿತು. 562ರಲ್ಲಿ ಕ್ಲಚ್ಚೇ ಹೊರಗೆ. ಪ್ಲಗ್ ಬಿಚ್ಚಿ, ಪಿಸ್ಟನ್ ತಡೆಗೆ ಹಗ್ಗ ತುರುಕಿ, ಕ್ಲಚ್ಚನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಿಚ್ಚಬೇಕು. ಅದು ಉಲ್ಟಾ ಥ್ರೆಡ್ ಎಂದು ತಿಳಿಯದೆ ಸುತ್ತಿಗೆಯಿಂದ ಬಿಗಿ ಮಾಡಿಟ್ಟ ಕ್ಲಚ್ಚುಗಳಿಗೆ ಲೆಕ್ಕವಿಲ್ಲ. ಫಿಲ್ಟರ್ ವಿಷಯದಲ್ಲಿ ಎರಡು ಕಂಪನಿಗಳೂ ದೂಳನ್ನು ಫಿಲ್ಟರಿಗೆ ಬರುವ ಮೊದಲೇ ಬೇರ್ಪಡಿಸುತ್ತವೆ, ಅಲ್ಲಿ ಆರಿಸಲು ಹೆಚ್ಚೇನಿಲ್ಲ.

ಚೈನಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವುದು ಯಾವ ಮಷಿನ್ನಿಗೂ ಒಳ್ಳೆಯದಲ್ಲ. ಅದರ ಲೋಹದ ಪುಡಿ ಆಯಿಲ್ ಪಂಪನ್ನು ತಿನ್ನುತ್ತದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಾಗ ಆಯಿಲ್ ಟ್ಯಾಂಕೂ ಮುಗಿಯುತ್ತಾ ಬಂದಿರಬೇಕು. ಅರ್ಧ ಉಳಿದಿದ್ದರೆ ಬಾರಿನ ಆಯಿಲ್ ತೂತು ಕಟ್ಟಿರಬಹುದು, ನೋಡಿ.

ಹಳೆಯ ಮಷಿನ್ ಕೊಳ್ಳುವವರು ಸ್ಟಾರ್ಟ್ ಮಾಡಿ ಸದ್ದು ಕೇಳುವುದಕ್ಕೆ ಮುಂಚೆ ಸೈಲೆನ್ಸರಿನ ಸ್ಕ್ರೂ ಬಿಚ್ಚಿಸಿ. ಸ್ಟಾರ್ಟರ್ ಹಗ್ಗ ನಿಧಾನ ಎಳೆದು, ಪಿಸ್ಟನ್ ಸೈಲೆನ್ಸರ್ ಇದ್ದ ಕಿಂಡಿಗೆ ಬಂದಾಗ ಟಾರ್ಚ್ ಬಿಟ್ಟು ನೋಡಿ. ಮೈ ನುಣುಪಾಗಿ, ತಯಾರಿಕೆಯ ಅಡ್ಡ ಗೆರೆಗಳು ಕಂಡರೆ ಮಾತು ಮುಂದುವರಿಸಬಹುದು. ಉದ್ದುದ್ದ ಗೀರುಗಳಿದ್ದರೆ ಯಾವ ಹೆಸರು ಬರೆದಿದ್ದರೂ ಸೈಲೆನ್ಸರ್ ಹಾಕಿ ವಾಪಸ್ ಕೊಡಿ.