ರಕ್ತದಲ್ಲೇ ಕ್ಯಾನ್ಸರ್ ಜೀನ್ ಪರೀಕ್ಷೆ: ಸೂಜಿ ಬಯಾಪ್ಸಿ ತಪ್ಪುತ್ತಾ?

ಹಾಸನದ ಕಡೆ ಕ್ಯಾನ್ಸರ್ ಬಂದ ಮನೆಗಳಲ್ಲಿ ಈಗ ಹೊಸ ಮಾತು ಕೇಳುತ್ತಿದೆ. "ಗೆಡ್ಡೆಗೆ ಸೂಜಿ ಚುಚ್ಚಿಸೋದು ಬೇಡ, ರಕ್ತದಲ್ಲೇ ಜೀನ್ ಟೆಸ್ಟ್ ಮಾಡಿಸೋಣ." ರಕ್ತ ಸಾಕು ಅನ್ನುವವರಿದ್ದಾರೆ, ಸಾಲದು ಅನ್ನುವವರೂ ಇದ್ದಾರೆ. ಈ ಗೊಂದಲ ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಕ್ತದಲ್ಲಿ ಡಿಎನ್‌ಎ ಚೂರುಗಳು ತೇಲುತ್ತವೆ ಎಂದು ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೇ ಹೇಳಿದ್ದು 1948ರಲ್ಲಿ. ಕ್ಯಾನ್ಸರ್ ರೋಗಿಗಳಲ್ಲಿ ಅವು ಜಾಸ್ತಿ ಎಂದು ತಿಳಿದದ್ದು 1977ರಲ್ಲಿ. ಗೆಡ್ಡೆಯದೇ ಜೀನ್ ದೋಷ ರಕ್ತದಲ್ಲಿ ಸಿಕ್ಕಿದ್ದು 1994ರಲ್ಲಿ. ಆದರೆ ಚಿಕಿತ್ಸೆಯ ದಾರಿಯನ್ನೇ ಬದಲಿಸಿದ್ದು 2004. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ಜೀನ್ ಕೆಟ್ಟಿದ್ದರೆ ಜೆಫಿಟಿನಿಬ್ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ ಎಂದು ಆಗ ಗೊತ್ತಾಯಿತು. ಕ್ಯಾನ್ಸರ್ ಎಲ್ಲಿದೆ ಎನ್ನುವುದರ ಜೊತೆಗೆ ಜೀನ್ ಯಾವುದು ಎಂದೂ ಕೇಳುವ ಕಾಲ ಬಂತು.

ಕೇಳಬೇಕಾದರೆ ಗೆಡ್ಡೆಯ ಚೂರು ಬೇಕು. ಸಿ.ಟಿ. ನೋಡಿಕೊಂಡು ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಇಳಿಸಿ ತೆಗೆದ ಚೂರನ್ನು ಮೇಣದಲ್ಲಿ ಅಚ್ಚು ಹಾಕುತ್ತಾರೆ. ಅದಕ್ಕೆ ಎಲ್ಲರೂ ಅನ್ನುವುದು 'ಬ್ಲಾಕ್'. ನಮ್ಮ ಸೋದರಮಾವನ ಬ್ಲಾಕನ್ನು ಬುತ್ತಿ ಚೀಲದಲ್ಲಿಟ್ಟುಕೊಂಡು ಹಾಸನದಿಂದ ಬೆಂಗಳೂರಿಗೆ ಬಸ್ ಹತ್ತಿದ್ದು ನಾನೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. "ಬಿಸಿಲಿಗೆ ಕರಗೀತು ಕಣೋ, ಜೋಪಾನ" ಅಂದಿದ್ದರು ಮಾವ. ಚನ್ನರಾಯಪಟ್ಟಣ ದಾಟುವವರೆಗೂ ಚೀಲ ತೊಡೆಯಿಂದ ಇಳಿಸಲಿಲ್ಲ. ವಾರದ ಮೇಲೆ ಲ್ಯಾಬ್‌ನವರು ಹೇಳಿದರು, ಚೂರು ಸಾಲದು ಅಂತ.

ಇಂಥವರಿಗೆ ರಕ್ತ ಪರೀಕ್ಷೆ ನಿಜಕ್ಕೂ ವರ. 2016ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಜಿಎಫ್‌ಆರ್‌ಗಾಗಿ ಇಂಥ ಮೊದಲ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಒಂದೇ ಸಲಕ್ಕೆ ಹತ್ತಾರು, ನೂರಾರು ಜೀನ್ ನೋಡುವ ಎರಡು ಪರೀಕ್ಷೆಗಳು ಬಂದವು. ವಿಶೇಷ ಟ್ಯೂಬ್‌ನಲ್ಲಿ ತೆಗೆದ ರಕ್ತ ಕೆಲವು ದಿನ ಕೆಡುವುದಿಲ್ಲ. ರೋಗಿ ಮನೆಯಲ್ಲೇ ಇರಬಹುದು, ಟ್ಯೂಬ್ ಮಾತ್ರ ಬೆಂಗಳೂರಿಗೆ ಹೋಗುತ್ತದೆ. ಮಾತ್ರೆ ಹಿಡಿಯುವುದು ನಿಂತಾಗ ಟಿ790ಎಂ ಎಂಬ ಹೊಸ ದೋಷ ಹುಟ್ಟಿದೆಯಾ ಎಂದು ಇನ್ನೊಮ್ಮೆ ನೋಡಬಹುದು. ಸಿಕ್ಕರೆ ಅದಕ್ಕೆ ಬೇರೆ ಮಾತ್ರೆ ಇದೆ, ಒಸಿಮೆರ್ಟಿನಿಬ್. ಆದರೆ ಹೆಚ್ಚು ಜೀನ್ ನೋಡುವ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ. ಕಾಫಿ ತೋಟದ ಕೂಲಿಯವರು ಎಲ್ಲಿಂದ ತರಬೇಕು?

ದುಡ್ಡಿಗಿಂತ ನನ್ನನ್ನು ಕಾಡುವುದು ಬೇರೆ. ಗೆಡ್ಡೆಯ ಕಣಗಳು ಸತ್ತಾಗ ಅವುಗಳ ಡಿಎನ್‌ಎ ರಕ್ತಕ್ಕೆ ಸೇರುತ್ತದೆ. ಗೆಡ್ಡೆ ಚಿಕ್ಕದಿದ್ದರೆ, ಹೆಚ್ಚು ಹರಡಿಲ್ಲದಿದ್ದರೆ, ಸೇರುವುದು ತೀರಾ ಕಡಿಮೆ. ಆಗ ದೋಷ ಇದ್ದರೂ ಪರೀಕ್ಷೆಗೆ ಕಾಣದೆ ಹೋಗಬಹುದು. ವಯಸ್ಸಾದವರಲ್ಲಿ ಉಲ್ಟಾ ಆಗುವುದೂ ಉಂಟು. ರಕ್ತಕಣಗಳದೇ ದೋಷ ಗೆಡ್ಡೆಯದು ಎಂಬಂತೆ ಕಾಣುತ್ತದೆ. ಅದಕ್ಕೇ ರಕ್ತದಲ್ಲಿ ಏನೂ ಸಿಗದಿದ್ದರೆ ಸಾಧ್ಯವಾದಷ್ಟೂ ಗೆಡ್ಡೆಯ ಚೂರನ್ನೇ ನೋಡಬೇಕು. ವರದಿಯಲ್ಲಿ ಇದನ್ನು ಬರೆದಿರುತ್ತಾರೆ. ಆದರೆ ಇಂಗ್ಲಿಷ್‌ನಲ್ಲಿ, ಕೊನೇ ಪುಟದ ಸಣ್ಣ ಅಕ್ಷರದಲ್ಲಿ.

ಮಾವನ ರಕ್ತದ ವರದಿಯಲ್ಲೂ 'ಕಂಡುಬಂದಿಲ್ಲ' ಎಂದೇ ಇತ್ತು. "ಹಾಗಂದ್ರೆ ಕ್ಯಾನ್ಸರ್ ಇಲ್ಲ ಅಂತಲೇನಪ್ಪ?" ಅಂತ ಅತ್ತೆ ಕೇಳಿದರು. ನನಗೂ ತಿಳಿಯಲಿಲ್ಲ. ಮನೆಯಲ್ಲಿ ದೇವರಿಗೆ ಕಾಯಿ ಒಡೆದರು. ಮೂರು ವಾರ ಯಾರೂ ಆಸ್ಪತ್ರೆ ಕಡೆ ಹೋಗಲಿಲ್ಲ. ಉಸಿರಾಟ ಕಷ್ಟವಾದಾಗ ಮತ್ತೆ ಸೂಜಿ ಹಾಕಿಸಿದೆವು. ಆ ಎರಡನೇ ಬ್ಲಾಕ್‌ನಲ್ಲಿ ಇಜಿಎಫ್‌ಆರ್ ದೋಷ ಸಿಕ್ಕಿತು.