ಟಂಕಸಾಲೆಯ ತಪ್ಪೋ, ಹೊಳೆಯ ಸವೆತವೋ?

ತೀರ್ಥಹಳ್ಳಿಯ ರಾಮತೀರ್ಥದಲ್ಲೋ ಕೂಡ್ಲಿಯ ಸಂಗಮದಲ್ಲೋ ಭಕ್ತರು ಹೊಳೆಗೆ ಹಾಕಿದ ನಾಣ್ಯಗಳು ಬೇಸಿಗೆಯಲ್ಲಿ ನೀರಿಳಿದಾಗ ಮರಳಿನಲ್ಲಿ ಸಿಗುವುದುಂಟು. ಅಂಚು ಸವೆದ, ಅಂಕಿ ಅಳಿಸಿದ, ಬಣ್ಣ ಕೆಟ್ಟ ಇಂಥ ನಾಣ್ಯಗಳನ್ನೇ ಟಂಕಸಾಲೆಯ ಅಪರೂಪದ ತಪ್ಪೆಂದು ನಂಬಿಸಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಊನ ಅಚ್ಚು ಬೀಳುವ ಹೊತ್ತಿಗೆ ಆದದ್ದೋ, ಬಿದ್ದ ಮೇಲೆ ಆದದ್ದೋ?

ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಎತ್ತರಿಸಿ, ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಭಾರೀ ಒತ್ತಡದಲ್ಲಿ ಒತ್ತುತ್ತಾರೆ. ಆಗ ಲೋಹ ಅಚ್ಚಿನ ತಗ್ಗುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಅಚ್ಚೇ ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿಗೂ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಕಲ್ಲಿಗೋ ಬೀಗದ ಕೈಗೋ ತಾಗಿ ಆದ ಗೀರಾದರೋ ತಗ್ಗಾಗಿದ್ದು, ಅದರ ಪಕ್ಕದಲ್ಲಿ ಸರಿದ ಲೋಹ ಸಣ್ಣ ದಂಡೆಯಾಗಿ ನಿಂತಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿದರೆ ಈ ಉಬ್ಬುತಗ್ಗು ಸ್ಪಷ್ಟವಾಗಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವ ಸಾಕ್ಷ್ಯ ಅಂಚು ಕಡಿದ ನಾಣ್ಯದ್ದು. ಪಟ್ಟಿ ಸಾಕಷ್ಟು ಮುಂದೆ ಸರಿಯದೆ, ಕತ್ತರಿಸುವ ಉಳಿ ಹಿಂದಿನ ತೂತಿನ ಮೇಲೆ ತುಸು ಬಿದ್ದರೆ, ಬಿಲ್ಲೆಯ ಒಂದು ಬದಿ ಕಮಾನಿನಾಕಾರದಲ್ಲಿ ಇಲ್ಲವಾಗುತ್ತದೆ. ಮುಂದೆ ಅಂಚು ಎತ್ತರಿಸುವ ಯಂತ್ರದಲ್ಲಿ ಆ ಖಾಲಿ ಭಾಗ ಹಾದುಹೋಗುವಾಗ ಒತ್ತಡಕ್ಕೆ ಆಸರೆ ಸಿಗದ ಕಾರಣ, ಅದಕ್ಕೆ ನೇರ ಎದುರಿನ ಅಂಚೂ ಸರಿಯಾಗಿ ಏಳದೆ ಸಾಮಾನ್ಯವಾಗಿ ಮಂಕಾಗಿಯೇ ಉಳಿಯುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮವೆಂದು ಹೆಸರು. ಅರ ಹಾಕಿ ಉಜ್ಜಿದವರು ಕಡಿದ ಬದಿಯನ್ನು ಎಷ್ಟೇ ನಯಗೊಳಿಸಲಿ, ಎದುರಿನ ಅಂಚು ಗಟ್ಟಿಯಾಗಿ ನಿಂತು ಅವರ ಕೈಕೆಲಸವನ್ನು ಬಯಲು ಮಾಡುತ್ತದೆ.

ಬಣ್ಣವನ್ನು ನಂಬುವುದು ಕಷ್ಟ. ಐದು ರೂಪಾಯಿಯ ನಿಕಲ್ ಹಿತ್ತಾಳೆಯಲ್ಲಿ ತಾಮ್ರ ಶೇ. 75, ಸತು ಶೇ. 20, ನಿಕಲ್ ಶೇ. 5 ಇರುತ್ತದೆ. ಆಮ್ಲ ತಾಗಿದರೆ ಸತು ಮೊದಲು ಕರಗಿ ಮೇಲ್ಮೈ ತಾಮ್ರದಂತೆ ಕೆಂಪಾಗುತ್ತದೆ. ಅಷ್ಟಕ್ಕೇ ಅದನ್ನು ತಾಮ್ರದ ಬಿಲ್ಲೆಯ ಮೇಲೆ ಅಚ್ಚಾದ ನಾಣ್ಯವೆನ್ನಲಾಗದು. ಹತ್ತು ರೂಪಾಯಿಯ ನಡುಬಿಲ್ಲೆ ಹಿಂದುಮುಂದಾಗಿ ಕೂತಿದ್ದರೆ ಯಾರೋ ಕಿತ್ತು ತಿರುಗಿಸಿದ್ದಾರೆಂದೇ ತಿಳಿಯಬೇಕು. ಹೊರಬಳೆಯೂ ನಡುಬಿಲ್ಲೆಯೂ ಒಂದೇ ಒತ್ತಿಗೆ ಅಚ್ಚಾಗಿ ಬೆಸೆದುಕೊಳ್ಳುವುದರಿಂದ ಯಂತ್ರಕ್ಕೆ ಅಂಥ ತಪ್ಪು ಮಾಡಲು ದಾರಿಯೇ ಇಲ್ಲ.

ಈ ಅಳತೆಗೋಲುಗಳೆಲ್ಲ ಯಂತ್ರದ ನಾಣ್ಯಗಳಿಗೆ ಮಾತ್ರ. ಕೆಳದಿ ನಾಯಕರ ವರಹಗಳನ್ನೂ, 1763ರಲ್ಲಿ ಬಿದನೂರು ಗೆದ್ದ ಮೇಲೆ ಹೈದರಾಲಿ ಅದೇ ಶಿವಪಾರ್ವತಿಯರ ಚಿತ್ರವನ್ನು ಉಳಿಸಿಕೊಂಡು ಹೊರಡಿಸಿದ ಚಿನ್ನದ ನಾಣ್ಯಗಳನ್ನೂ ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚುಹಾಕಿದ್ದರು. ಅಲ್ಲಿ ಚಿತ್ರ ಒಂದು ಬದಿಗೆ ಸರಿದಿದ್ದರೆ ಅದು ದೋಷವೂ ಅಲ್ಲ, ಹೆಚ್ಚಿನ ಬೆಲೆ ಕೇಳಲು ಕಾರಣವೂ ಅಲ್ಲ.