ಬಾರಿಗೆ ಮುಂಬಾಗಿಲು, ಆಸ್ಪತ್ರೆಗೆ ಹಿಂಬಾಗಿಲು

ನಾನು ವೈದ್ಯನಾಗಿ ವಾರಕ್ಕೊಮ್ಮೆ ಹೋಗುವ ತಾಲ್ಲೂಕು ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ ನಡೆದರೆ ದಾರಿಯಲ್ಲಿ ಮೂರು ಬಾರುಗಳು ಸಿಗುತ್ತವೆ. ಸಂಜೆ ಆರಾದರೆ ಮುಂದೆ ಬೈಕುಗಳ ಸಾಲು. ಮುಖ ಮುಚ್ಚಿಕೊಂಡು ಒಳಗೆ ಹೋಗುವವರನ್ನು ನಾನು ನೋಡಿಲ್ಲ. ಎದುರಿಗೆ ಸಿಕ್ಕವರನ್ನು 'ಬಾ ಗುರು' ಅಂತ ಕರೆಯುವವರೇ ಜಾಸ್ತಿ. ಅವರಲ್ಲೇ ಒಬ್ಬರು ಕುಡಿತ ಬಿಡುವ ಚಿಕಿತ್ಸೆಗೆ ಮಂಗಳವಾರ ನನ್ನ ರೂಮಿಗೆ ಬರುವಾಗ ತಲೆ ತುಂಬ ಟವೆಲ್ ಸುತ್ತಿಕೊಂಡು, ಔಷಧಿ ಕೊಡುವ ಕೌಂಟರಿನ ಪಕ್ಕದ ಹಿಂಬಾಗಿಲಿನಿಂದ ಬರುತ್ತಾರೆ.

ಮಂಗಳವಾರ ಯಾಕೆ ಅಂದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಗೊತ್ತು ಮಾಡಿದ ದಿನ ಅದು. ಒಳ್ಳೆಯ ಯೋಜನೆ. ಆದರೆ ಊರು ಅದಕ್ಕೂ ಒಂದು ಅಡ್ಡಹೆಸರು ಕಟ್ಟಿತು. 'ಅವನಾ? ಮಂಗಳವಾರದ ಗಿರಾಕಿ' ಅಂದರೆ ಸಾಕು, ಟೀ ಅಂಗಡಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. 'ಬೇರೆ ದಿನ ಬರಬಹುದಾ ಸಾರ್?' ಅಂತ ಕೇಳುವವರಿಗೆ ಏನು ಹೇಳಲಿ? ಬೇರೆ ದಿನ ನಾನೇ ಅಲ್ಲಿರುವುದಿಲ್ಲ.

ಕುಡಿತವನ್ನು ನಮ್ಮ ಕಡೆ ಯಾರೂ ಬಯ್ಯುವುದಿಲ್ಲ ಅಂತಲ್ಲ. ಆದರೆ ಬಯ್ಯುವ ಲೆಕ್ಕ ವಿಚಿತ್ರ. ಯುಗಾದಿಯ ಮಾರನೇ ದಿನ ವರ್ಷದ ತೊಡಕು. ಬಾಡೂಟದ ಜೊತೆ ಎಣ್ಣೆ ಇರಲೇಬೇಕು. ಬೇಡ ಅಂದವನನ್ನು 'ಹೆಂಡ್ತಿಗೆ ಹೆದ್ರಿಕೊಂಡ್ಯೇನೋ' ಅಂತ ರೇಗಿಸುತ್ತಾರೆ. ಹೀಗೆ ಹತ್ತು ವರ್ಷ ಜೊತೆಗೆ ಕೂರಿಸಿಕೊಂಡ ಗುಂಪೇ, ಬೆಳಿಗ್ಗೆ ಅವನ ಕೈ ನಡುಗಲು ಶುರುವಾದ ಮೇಲೆ 'ಕುಡುಕ' ಅಂತ ದೂರ ಇಡುತ್ತದೆ. ಅವನು ಆಸ್ಪತ್ರೆಗೆ ಹೋದನೆಂದು ಗೊತ್ತಾದರಂತೂ ಮುಗಿಯಿತು. ಕುಡಿದರೆ ಗಂಡಸು, ಕೆಟ್ಟರೆ ಹಣೆಬರಹ. ಬಿಡುವುದಕ್ಕೆ ಮಾತ್ರೆ ತಗೊಂಡರೆ ಮಾತ್ರ ಮರ್ಯಾದೆ ಹೋಯಿತು!

ಈ ನಾಚಿಕೆಯಿಂದ ಯಾರೂ ಕುಡಿತ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಗೆ ತಡವಾಗಿ ಬಂದಿದ್ದನ್ನು ದಿನಾ ಕಾಣುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ದೇಶದ ಸಮೀಕ್ಷೆಯಲ್ಲಿ ಚಿಕಿತ್ಸೆ ಸಿಗದವರ ಲೆಕ್ಕವೂ ಇತ್ತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಏನಾದರೊಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಜನ ಎಲ್ಲಿದ್ದರು ಅನ್ನುವುದು ಮರುವರ್ಷದ ಲಾಕ್‌ಡೌನ್‌ನಲ್ಲಿ ನನಗೆ ಸ್ವಲ್ಪ ಗೊತ್ತಾಯಿತು. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿಗಳು ಬಂದ್. ಮೊದಲ ವಾರದಲ್ಲೇ ನಡುಗುತ್ತಾ, ಫಿಟ್ಸ್ ಬಂದು ನಮ್ಮಲ್ಲಿಗೆ ಬಂದವರಲ್ಲಿ ಚರಂಡಿ ಪಕ್ಕ ಬೀಳುವ 'ಕುಡುಕರು' ಮಾತ್ರ ಇರಲಿಲ್ಲ. ಇಸ್ತ್ರಿ ಶರ್ಟಿನ ಮೇಷ್ಟ್ರು ಇದ್ದರು, ದಿನಸಿ ಅಂಗಡಿಯ ಯಜಮಾನರಿದ್ದರು. ಒಬ್ಬರ ಹೆಂಡತಿಗೆ ಇವರು ದಿನಾ ಕುಡಿಯುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ. 'ಗ್ಯಾಸ್ಟ್ರಿಕ್ಕು ಅಂತಿದ್ರು ಡಾಕ್ಟ್ರೇ' ಅಂದರು.

ಮಾತ್ರೆ ಯಾಕೆ ಬೇಕು, ಮನಸ್ಸು ಗಟ್ಟಿ ಮಾಡಿದರೆ ಸಾಲದಾ ಅನ್ನುವವರಿಗೆ ನಾನು ಕಬ್ಬಿನ ಗಾಡಿಯ ಲೆಕ್ಕ ಹೇಳುತ್ತೇನೆ. ಎತ್ತುಗಳು ಭಾರದ ಗಾಡಿಯನ್ನು ಏರಿನಲ್ಲಿ ಮೈಯೆಲ್ಲ ಬಿಗಿಹಿಡಿದು ಎಳೆಯುತ್ತಿವೆ. ನಡುವೆ ಯಾರೋ ಗಾಡಿ ಕಳಚಿಬಿಟ್ಟರೆ? ಎತ್ತು ಮುಗ್ಗರಿಸಿ ಓಡುತ್ತವೆ. ಮದ್ಯ ಮೆದುಳನ್ನು ಜಗ್ಗಿ ನಿಧಾನ ಮಾಡುವ ಭಾರ. ವರ್ಷಗಟ್ಟಲೆ ಆ ಭಾರದ ವಿರುದ್ಧ ಮೆದುಳು ಜೋರಾಗಿ ಎಳೆಯುವುದನ್ನು ಕಲಿತಿರುತ್ತದೆ. ದಿಢೀರಂತ ಮದ್ಯ ನಿಂತರೆ ಆರೆಂಟು ಗಂಟೆಗೆ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡು-ಮೂರನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ್ದು ಕಾಣಲು ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಇದರಲ್ಲಿ ಮನಸ್ಸಿನ ಗಟ್ಟಿತನದ ಪಾತ್ರ ಏನೂ ಇಲ್ಲ. ಚಟ ಅನ್ನುವ ಪದ ನನಗೆ ಇಷ್ಟವಾಗದಿರುವುದು ಇದಕ್ಕೇ. ಇಸ್ಪೀಟೂ ಚಟ, ಚಾಡಿಯೂ ಚಟ, ಇದೂ ಚಟ. ಗೋಡೆ ಬರಹಗಳಲ್ಲಿ ಚಟಕ್ಕೂ ಚಟ್ಟಕ್ಕೂ ಪ್ರಾಸ ಕಟ್ಟುವುದಂತೂ ನಮಗೆ ಬಹಳ ಇಷ್ಟ. ಅದನ್ನು ಓದಿ ಹೆದರಿದವನು ಮೊದಲು ಮಾಡುವ ಕೆಲಸ, ಹೆದರಿಕೆ ಕಳೆಯೋಕೆ ಒಂದು ಕ್ವಾರ್ಟರ್ ತಗೊಳ್ಳುವುದು.

ಒಂದು ಘಟನೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನಲವತ್ತು ದಾಟಿದ ಗಾರೆ ಕೆಲಸದವರು. ಮಗಳ ಮದುವೆ ಮಾತು ನಡೆಯುತ್ತಿತ್ತು. ಗಂಡಿನ ಕಡೆಯವರು 'ಅಪ್ಪ ಕುಡುಕನಂತೆ' ಅಂತ ಹಿಂದೆ ಸರಿದರು. ಆ ಶುಕ್ರವಾರವೇ ಇವರು ಊರ ದೇವಸ್ಥಾನಕ್ಕೆ ಹೋಗಿ ತೀರ್ಥ ಕುಡಿದು ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿದರು. ನಿಜವಾಗಿಯೂ ಮುಟ್ಟಲಿಲ್ಲ. ಭಾನುವಾರ ರಾತ್ರಿ ಹಾಸಿಗೆ ಮೇಲೆಲ್ಲ ಇರುವೆ ಹರಿಯುತ್ತಿವೆ ಅಂತ ಕೊಡವಲು ಶುರು ಮಾಡಿದರು. ಗಾಳಿಯಲ್ಲಿ ಕರಣೆ ಹಿಡಿದವರ ಹಾಗೆ ಕೈ ಆಡಿಸುತ್ತಾ ಗೋಡೆಗೆ ಗಿಲಾವು ಮಾಡುತ್ತಿದ್ದರು. ಮನೆಯವರು ಏನು ಅಂದುಕೊಂಡರು? ಆಣೆ ಮಾಡುವಾಗ ಏನೋ ಮೈಲಿಗೆ ಆಗಿದೆ, ದೇವರು ಮುನಿದಿದೆ ಅಂತ. ಮತ್ತೆ ಗುಡಿಗೇ ಕರೆದುಕೊಂಡು ಹೋಗಿ ಸೋಮವಾರ ಪೂರ್ತಿ ಪ್ರಾಂಗಣದಲ್ಲಿ ಮಲಗಿಸಿದರು. ಮಂಗಳವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದಾಗ ಮೈ ಸುಡುತ್ತಿತ್ತು, ಹೆಂಡತಿಯ ಗುರುತೂ ಇರಲಿಲ್ಲ. ಬಿ-1 ವಿಟಮಿನ್ ಇಂಜೆಕ್ಷನ್, ಡ್ರಿಪ್, ನರ ಶಾಂತವಾಗಲು ಔಷಧಿ. ನಾಲ್ಕು ದಿನದ ಮೇಲೆ ಎದ್ದು ಕೂತು ಇಡ್ಲಿ ಕೇಳಿದರು.

ಅವರು ಬದುಕಿ ಉಳಿದದ್ದು ಅದೃಷ್ಟ. ಆಣೆ ತಪ್ಪು ಅಂತ ನಾನು ಹೇಳುವುದಿಲ್ಲ, ಎಷ್ಟೋ ಜನರಿಗೆ ಅದು ಹಿಡಿದು ನಿಲ್ಲೋಕೆ ಒಂದು ಕಂಬ. ಗಾರೆಯವರನ್ನು ನೋಡೋಕೆ ಆಸ್ಪತ್ರೆಗೆ ಬಂದಿದ್ದ ಪೂಜಾರರಿಗೆ ಹೀಗೆ ಹೇಳಿದೆ. 'ದೇವರು ಮುನಿದಿದ್ದಲ್ಲ ಸ್ವಾಮಿ, ಕುಡಿತ ದಿಢೀರ್ ನಿಂತಿದ್ದರಿಂದ ಹೀಗಾಯ್ತು.' ಅವರು ಬಹಳ ಹೊತ್ತು ಸುಮ್ನೆ ನಿಂತಿದ್ದರು. ಈಗ ಆಣೆಗೆ ಬಂದವರನ್ನು ಅವರು ಕೇಳುವ ಮೊದಲ ಪ್ರಶ್ನೆ, 'ಆಸ್ಪತ್ರೆಗೆ ತೋರಿಸಿದ್ಯಾ? ಮೊದಲು ಹೋಗ್ಬಾ, ಆಮೇಲೆ ತೀರ್ಥ ಕೊಡ್ತೀನಿ.' ನಾನು ನೂರು ಕರಪತ್ರ ಹಂಚಿದರೂ ಆಗದ ಕೆಲಸ ಇದು. ಪೂಜಾರರೇ ಕಳಿಸಿದರು ಅಂದ ಮೇಲೆ ಟವೆಲ್ ಯಾಕೆ ಬೇಕು?

ನಾಚಿಕೆ ಹಂಚುವುದರಲ್ಲಿ ವೈದ್ಯರೇನೂ ಹಿಂದೆ ಬಿದ್ದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರನೇ ಸಲ ಮತ್ತೆ ಕುಡಿದು ಬಂದಿದ್ದ ಒಬ್ಬರನ್ನು ನಾನು ಅವರ ಮಗನ ಎದುರಿಗೇ ಬೈದಿದ್ದೆ. 'ನಿಮ್ಮಂಥವರಿಗೆ ಬೆಡ್ ಕೊಡೋದೇ ದಂಡ' ಅಂದಿದ್ದೆ. ಹುಡುಗನಿಗೆ ಹತ್ತು ವರ್ಷ ಇರಬಹುದು, ಚಪ್ಪಲಿ ನೋಡುತ್ತಾ ನಿಂತಿದ್ದ. ಅವರು ಮತ್ತೆ ಬರಲೇ ಇಲ್ಲ. ಮತ್ತೆ ಕುಡಿಯುವುದು ಈ ಕಾಯಿಲೆಯ ಸ್ವಭಾವ, ಚಿಕಿತ್ಸೆ ಬದಲಿಸಬೇಕಾದ ಸೂಚನೆ ಅಂತ ಪುಸ್ತಕದಲ್ಲಿ ಓದಿ ಪಾಸಾಗಿದ್ದವನು ನಾನು.

ನಾಚಿಕೆ ಹೆಂಗಸರ ಮೇಲೆ ಬೀಳುವ ರೀತಿಯೇ ಬೇರೆ. ಗಂಡ ಕುಡಿದರೆ 'ಇವಳು ಸರಿಯಾಗಿದ್ದರೆ ಅವನ್ಯಾಕೆ ಕುಡೀತಿದ್ದ' ಅನ್ನುತ್ತಾರೆ. ಇನ್ನು ಹೆಂಗಸೇ ಕುಡಿದರೆ ಅವಳಿಗೆ ಹಿಂಬಾಗಿಲೂ ಇಲ್ಲ. ಅಂಥವರಲ್ಲಿ ಕೆಲವರು ನನಗೆ ಪರಿಚಯವಾದದ್ದು ಫೋನಿನಲ್ಲೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ, ಯಾವ ಹೊತ್ತಿನಲ್ಲೂ ಮಾತಾಡಬಹುದು. ಯಾರ ಕಣ್ಣಿಗೂ ಬೀಳುವುದಿಲ್ಲ.

ಹೇಳಿಕೊಳ್ಳೋಕೆ ನಾಚಿಕೆಪಟ್ಟು ಮನೆಯವರು ಕದ್ದು ಮಾಡುವ ವೈದ್ಯವೂ ಉಂಟು. ಗೊತ್ತಾಗದಂತೆ ಸಾರಿನಲ್ಲಿ 'ಕುಡಿತ ಬಿಡಿಸುವ ಪುಡಿ' ಹಾಕುವುದು. ಹಾಗೆ ಪುಡಿ ಮಾಡಿ ಹಾಕುವ ಮಾತ್ರೆಗಳಲ್ಲಿ ಡೈಸಲ್ಫಿರಾಮ್ ಅನ್ನುವುದೊಂದಿದೆ. ಅದರ ಅಂಶ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಅಪಾಯ. ನಾವೂ ಅದನ್ನು ಕೊಡುತ್ತೇವೆ, ಆದರೆ ಅವರಿಗೆ ಹೇಳಿ, ಒಪ್ಪಿಸಿ. ದಯವಿಟ್ಟು ಕದ್ದು ಹಾಕಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. ಕಾಯಿಲೆ ಅಂತ ಒಪ್ಪಿದರೆ ಹೆಂಡತಿಗೆ ಹೊಡೆದಿದ್ದನ್ನೂ ಒಪ್ಪಬೇಕಾ? ಬೇಡ. ನಡುಕಕ್ಕೆ ನನ್ನ ಹತ್ತಿರ ಮಾತ್ರೆ ಇದೆ, ಹೊಡೆತಕ್ಕೆ ಪೊಲೀಸ್ ಠಾಣೆ ಇದೆ. ಎರಡನ್ನೂ ಒಂದೇ ಮನೆಯವರು ಒಂದೇ ದಿನ ಬಳಸಬಹುದು.

ಊರಿನವರು ಏನು ಮಾಡಬಹುದು ಅಂತ ಕೇಳಿದರೆ ನನ್ನ ಉತ್ತರ ಸಣ್ಣದು. ಬಿಟ್ಟು ಬಂದವನನ್ನು 'ಎಷ್ಟು ದಿನ ಇರ್ತೀಯ ನೋಡ್ತೀನಿ' ಅನ್ನಬೇಡಿ. 'ಮದ್ಯವ್ಯಸನಿ' ಅಂತ ಗೌರವದ ಪದವೇನೂ ಹುಡುಕಬೇಕಾಗಿಲ್ಲ, ಹೆಸರು ಹಿಡಿದು ಕರೆದರೆ ಸಾಕು. ಮುಂದಿನ ವರ್ಷದ ತೊಡಕಿಗೆ ಅವನನ್ನು ಕರೆಯಿರಿ, ಬೇಡ ಅಂದಾಗ ಮಜ್ಜಿಗೆ ಕೊಟ್ಟು ಸುಮ್ನಾಗಿ. ಗಾರೆಯವರ ಮೇಸ್ತ್ರಿ ಒಂದು ಕೆಲಸ ಮಾಡಿದರು. ವಾರದ ಬಟವಾಡೆಯನ್ನು ಶನಿವಾರ ಸಂಜೆ ಬಾರಿನ ಪಕ್ಕದ ಅಂಗಡಿ ಕಟ್ಟೆಯಲ್ಲಿ ಕೊಡುತ್ತಿದ್ದವರು, ಭಾನುವಾರ ಬೆಳಿಗ್ಗೆ ಸಂತೆ ಹೊತ್ತಿಗೆ ಕೊಡಲು ಶುರು ಮಾಡಿದರು. ಇವರೊಬ್ಬರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಹಾಗಾಗಿ ಯಾರಿಗೋಸ್ಕರ ಅಂತ ಯಾರೂ ಕೇಳಲಿಲ್ಲ.

ನಾವೂ ಆಸ್ಪತ್ರೆಯಲ್ಲಿ ರೂಮಿನ ಮೇಲಿದ್ದ ಬೋರ್ಡು ತೆಗೆಸಿದೆವು. ಈಗ ಮಂಗಳವಾರ ಬಿಪಿ, ಶುಗರ್, ಮಂಡಿ ನೋವು, ಕುಡಿತ ಎಲ್ಲಕ್ಕೂ ಒಂದೇ ಸಾಲು, ಒಂದೇ ಬಣ್ಣದ ಚೀಟಿ. ಸಾಲು ಉದ್ದವಾಯಿತು ಅಂತ ಬಿಪಿಯವರಿಂದ ಪ್ರತಿ ವಾರ ಜಗಳ. ಹೋದ ತಿಂಗಳು ಒಬ್ಬ ಅಜ್ಜಿ ಮುಂದಿದ್ದ ಹುಡುಗನನ್ನು ಗದರಿಸಿದರು, 'ಅದ್ಯಾವ ಕಾಯಿಲೆಗಪ್ಪಾ ನಿಂಗೆ ಒಳಗೆ ಅಷ್ಟು ಹೊತ್ತು?' ಅವನು ಒಂದು ಕ್ಷಣ ನನ್ನ ಕಡೆ ನೋಡಿದ. 'ಎಣ್ಣೆ ಬಿಡೋಕ್ ಬಂದಿದ್ದೀನಜ್ಜಿ' ಅಂದ. ಅಜ್ಜಿ ಧ್ವನಿ ತಗ್ಗಿಸಿದರು.

'ನನ್ ಮಗನ್ನೂ ಕರ್ಕೊಂಡ್ ಬರ್ಬೇಕಿತ್ತು. ಅದಕ್ಕೆ ಬೇರೆ ಚೀಟಿ ಮಾಡಿಸ್ಬೇಕಾ?'

'ಇಲ್ಲಜ್ಜಿ, ಇದೇ ಚೀಟಿ.'